ಎಫ್ ಒತ್ತಿದ ಭಾನುವಾರ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬೆಳಿಗ್ಗೆ ವಿಜಯನಗರದ ಒಂದು ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಪಾಠ ಹೇಳಿ, ಮಧ್ಯಾಹ್ನ ಪತ್ರಿಕೆಯ ಡೆಸ್ಕಿಗೆ ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆಯೋ ಹಲವು ಸಲವೋ ಜಾರಿದವರಿಗಾಗಿ ನಡೆಯುತ್ತಿದ್ದ ಸಂಸ್ಥೆ ಅದು. ಹೆಚ್ಚಿನವರು ಕಾಮಾಕ್ಷಿಪಾಳ್ಯದ ಲೇತ್‌ಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು. ಹಾಗಾಗಿ ಭಾನುವಾರವೇ ನಮ್ಮ ದೊಡ್ಡ ದಿನ.

ಮಾಲೀಕರೂ ಪ್ರಾಂಶುಪಾಲರೂ ಒಬ್ಬರೇ. ಅವರ ಕಾನೂನೂ ಒಂದೇ: ‘ಫೇಲ್’ ಎಂಬ ಪದ ಆ ಮಹಡಿಯಲ್ಲಿ ಯಾರ ಬಾಯಿಂದಲೂ ಬರಕೂಡದು. ಫೇಲಾದವರು ‘ಇನ್ನೊಮ್ಮೆ ಬರೆಯೋರು’. ಕರೆಂಟ್ ಹೋದರೂ ಅವರು ಫೇಲ್ಯೂರ್ ಎನ್ನುತ್ತಿರಲಿಲ್ಲ, “ಇನ್ನೊಮ್ಮೆ ಬರತ್ತೆ” ಎನ್ನುತ್ತಿದ್ದರು.

ಟೈಪ್‌ರೈಟಿಂಗ್ ಹೇಳಿಕೊಡುತ್ತಿದ್ದ ಮೇಡಂ ರಜೆಯಲ್ಲೆಲ್ಲ ಓಡಾಡಿ ಕಂಪ್ಯೂಟರ್ ಕಲಿತಿದ್ದರು. ಅವರ ಒತ್ತಾಯಕ್ಕೆ ಮಾಲೀಕರು ಒಂದು ಹಳೆಯ ಯಂತ್ರ ತರಿಸಿ, ಟೈಪ್‌ರೈಟರ್‌ಗಳ ನಡುವೆ ಇಟ್ಟು, ಪ್ಲಾಸ್ಟಿಕ್ ಹೊದಿಸಿದ್ದರು. ಪಾಠದ ಫ್ಲಾಪಿ ಹಾಕಿದರೆ ಅದು, ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ಹೊಸ ಸಿಸ್ಟಮ್ಮಿನ ಫ್ಲಾಪಿಗಳನ್ನು ಮೇಡಂ ತರಿಸಿದರು.

“ಓಡ್ತಾ ಇರೋದನ್ನ ಯಾಕಮ್ಮ ಕೆದಕೋದು?” ಎಂದರು ಮಾಲೀಕರು.

“ಓಡ್ತಾ ಇಲ್ಲ ಸಾರ್. ಕೂತಿದೆ.”

“ಸರಿ, ಭಾನುವಾರ ಹಾಕಿ ನೋಡಿ. ಸೋಮವಾರ ಕ್ಲಾಸ್ ಶುರು ಆಗ್ಲಿಲ್ಲ ಅಂದ್ರೆ ಅದು ಕೊಟ್ಟೋರಿಗೆ ವಾಪಸ್ಸು, ನೀವು ಟೈಪ್‌ರೈಟಿಂಗ್‌ಗೆ ವಾಪಸ್ಸು.”

ಮೇಡಂ ನಕ್ಕರು. ಆದರೆ ಆ ವಾರವೆಲ್ಲ ಅವರು ಊಟದ ಡಬ್ಬಿಯ ಪಕ್ಕದಲ್ಲೇ ಮ್ಯಾನ್ಯುಯಲ್ ತೆರೆದಿಟ್ಟುಕೊಂಡಿದ್ದನ್ನು ನಾನು ನೋಡಿದ್ದೇನೆ.

ಭಾನುವಾರ ಲೇತ್‌ಗಳಿಗೆ ರಜೆ, ವೋಲ್ಟೇಜ್ ನೆಟ್ಟಗಿರುತ್ತದೆ. ಮೇಡಂ ಫ್ಲಾಪಿ ಹಾಕಿದರು. ಯಂತ್ರ ಗರಗರ ಎಂದಿತು. ಪರದೆಯ ಮೇಲೆ ಫೈಲುಗಳ ಹೆಸರುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ನನ್ನ ಕ್ಲಾಸಿನವರು ಗ್ರಾಮರ್ ಬಿಟ್ಟು ಬಂದು ಬಾಗಿಲು ತುಂಬಿ ನಿಂತರು. ನಾನೂ ಅವರ ಹಿಂದೆಯೇ ಬಂದೆ. ಎರಡನೆಯ ಫ್ಲಾಪಿಯ ನಡುವೆ ಗರಗರ ನಿಂತು, ಪರದೆಯಲ್ಲಿ ಒಂದು ಪ್ರಶ್ನೆ ಮೂಡಿತು: ಅಬಾರ್ಟ್, ರಿಟ್ರೈ, ಫೇಲ್?

ನಿಷೇಧಿತ ಪದ ಹಸಿರು ಅಕ್ಷರದಲ್ಲಿ ಮಿನುಗುತ್ತಿತ್ತು.

“ಆ ಕೊನೇದು ಮುಟ್ಬೇಡಿ,” ಎಂದರು ಮೇಡಂ ಹಿಂದೆ ನಿಂತಿದ್ದ ಮಾಲೀಕರು.

ಮೇಡಂ ರಿಟ್ರೈಗಾಗಿ ಆರ್ ಒತ್ತಿದರು. ಅದೇ ಪ್ರಶ್ನೆ. ಮತ್ತೆ ಆರ್. ಮತ್ತೆ ಅದೇ.

“ಒತ್ತಿ ಮೇಡಂ, ಬಿಡ್ಬೇಡಿ,” ಎಂದ ದಪ್ಪ ಮೀಸೆಯ ಲೇತ್ ಆಪರೇಟರ್. “ನಾನೂ ಮ್ಯಾಥ್ಸಲ್ಲಿ ಅದನ್ನೇ ಒತ್ತಾ ಇದೀನಿ.”

“ನಿಂದು ಕೀನೇ ಸವೆದೋಗಿದೆ ಗುರು,” ಎಂದ ಪಕ್ಕದವನು.

ಅಲ್ಲಿಂದ ನಗು ಹಿಡಿಯಿತು. ಪ್ರತಿ ಆರ್‌ಗೂ ಬಾಗಿಲಿನವರು ಒಟ್ಟಿಗೆ “ರಿಟ್ರೈ” ಎನ್ನತೊಡಗಿದರು. ಮೇಡಂ ಫ್ಲಾಪಿ ಹೊರಗೆಳೆದು ಬೆಳಕಿಗೆ ಹಿಡಿದರು. ಹೊಳೆಯುವ ಕಂದು ತಟ್ಟೆ ಕಾಣುವ ಕಿಂಡಿಯಲ್ಲಿ ಕೆಂಪಗೆ ಒಂದು ಬೊಟ್ಟು.

“ಸಾರ್, ಇದಕ್ಕೆ ಕುಂಕುಮ ಇಟ್ಟಿದೀರಾ?”

“ಹೊಸ ಸಾಮಾನಲ್ವೇನಮ್ಮ. ಅದೊಂದಕ್ಕೇ ಇಟ್ಟಿದ್ದು, ಮೇಲೆ ಇತ್ತು ಅಂತ.”

“ಇಡೋದಿಡ್ತೀರಾ, ಕವರ್‌ಗೆ ಇಡಬಾರ್ದಿತ್ತಾ?”

“ಮುಖ ಬಿಟ್ಟು ಬಟ್ಟೆಗೆ ಯಾರಮ್ಮ ಇಡ್ತಾರೆ?”

ಲೇತ್ ಆಪರೇಟರ್ ನೆಲಕ್ಕೆ ಕುಳಿತು ನಕ್ಕ. ನಾನೂ ಗೋಡೆಗೆ ಒರಗಿದೆ. ಮೇಡಂ ಸೆರಗಿನ ತುದಿಯಿಂದ ಬೊಟ್ಟನ್ನು ಮೆಲ್ಲಗೆ ಒರೆಸಿ, ಫ್ಲಾಪಿ ಮತ್ತೆ ಹಾಕಿ, ಆರ್ ಒತ್ತಿದರು. ಯಂತ್ರ ಸ್ವಲ್ಪ ಹೆಚ್ಚೇ ಗರಗರ ಎಂದು, ಅದೇ ಪ್ರಶ್ನೆ ಕೇಳಿತು. ಬಣ್ಣ ಹೋಗಿತ್ತು, ಕುಂಕುಮದ ಪುಡಿ ಎಳೆದ ಗೀರು ಉಳಿದಿತ್ತು.

ಆಗ ಮೇಡಂ ನಗುವುದನ್ನು ನಿಲ್ಲಿಸಿದರು. ಅಬಾರ್ಟ್ ಒತ್ತಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಯಂತ್ರ ಹಳೆಯದೂ ಅಲ್ಲ ಹೊಸದೂ ಅಲ್ಲ ಎಂಬಂತಾಗಿ ನಾಳೆ ಏಳುವುದೇ ಇಲ್ಲ ಎಂದು ಬಿಡಿಸಿ ಹೇಳಿದರು. ನಿಂತಿದ್ದ ಫೈಲಿನ ಹೆಸರನ್ನು ಮ್ಯಾನ್ಯುಯಲ್‌ನಲ್ಲಿ ಹುಡುಕಿದರು. ಪರದೇಶಗಳ ಬೇರೆ ಬೇರೆ ಕೀಲಿಮಣೆಗಳಿಗೆ ಬೇಕಾದ ಫೈಲು ಅದು.

“ಇದೊಂದು ನಮಗೆ ಬೇಡ ಸಾರ್. ಎಫ್ ಒತ್ತಿದ್ರೆ ಇದನ್ನ ಬಿಟ್ಟು ಮುಂದಕ್ಕೆ ಹೋಗತ್ತೆ.”

“ನನ್ನ ಇನ್‌ಸ್ಟಿಟ್ಯೂಟಲ್ಲಿ ಅದನ್ನ ಒತ್ತೋದು ಬೇಡಮ್ಮ.”

“ಸಾರ್, ಒಂದೇ ಸಬ್ಜೆಕ್ಟ್. ಮಿಕ್ಕಿದ್ದೆಲ್ಲ ಪಾಸು,” ಎಂದ ಮೀಸೆಯವನು.

ಮಾಲೀಕರು ತಿರುಗಿ ಕ್ಯಾಲೆಂಡರಿನ ಕಡೆ ನೋಡತೊಡಗಿದರು. ಅದನ್ನು ಒಪ್ಪಿಗೆ ಎಂದು ಓದಿದವರು ಮೇಡಂ ಒಬ್ಬರೇ. ಅವರು ಎಫ್ ಒತ್ತಿದರು.

ಗರಗರ ಮತ್ತೆ ಶುರುವಾಯಿತು. ಹೆಸರುಗಳು ಇಳಿದವು, ಒಂದೂ ನಿಲ್ಲಲಿಲ್ಲ. ಕೊನೆಗೆ ಯಂತ್ರ ಆರಿಸಿ ಹೊತ್ತಿಸಿ, ಪಾಠದ ಫ್ಲಾಪಿ ಹಾಕಿದಾಗ ಪರದೆಯ ಮೇಲೆ ಸ್ವಾಗತದ ಸಾಲು ಬಂತು. ಬಾಗಿಲಲ್ಲಿ ಶಿಳ್ಳೆ ಬಿತ್ತು. ಮೇಡಂ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು.

ಇಂದಿಗೂ ಯಾವುದಾದರೂ ಯಂತ್ರ ಅಪ್‌ಡೇಟ್ ಕೇಳಿದರೆ, ಓಡುವುದನ್ನು ಯಾಕೆ ಕೆದಕಬೇಕು ಎಂದು ನನಗೂ ಮೊದಲು ಅನ್ನಿಸುತ್ತದೆ. ಆಮೇಲೆ, ಓಡುತ್ತಿದೆಯೋ ಕೂತಿದೆಯೋ ಎಂದು ನೋಡುತ್ತೇನೆ.

ಆ ಭಾನುವಾರ ಮಾಲೀಕರು ಕ್ಯಾಲೆಂಡರ್ ಬಿಟ್ಟು ಬಂದು, ಪರದೆಯನ್ನು ಓದಿ, ಗಂಟಲು ಸರಿಮಾಡಿಕೊಂಡರು.

“ನಾಳೆ ಎಷ್ಟು ಹೊತ್ತಿಗೆ ಕ್ಲಾಸು?”

“ಎಂಟಕ್ಕೆ ಸಾರ್. ಕೂರೋಕೆ ಜಾಗ ಸಾಲಲ್ಲ.”

ಅವರು ಟೈಪ್‌ರೈಟರ್‌ಗಳ ಸಾಲನ್ನೊಮ್ಮೆ ನೋಡಿ, “ನಾಲ್ಕನ್ನ ಕೆಳಗಿನ ರೂಮಿಗೆ ಇಳಿಸ್ರೋ,” ಎಂದರು. ಇಂಗ್ಲಿಷ್ ಪಾಠ ಅಲ್ಲಿಗೆ ಮುಗಿಯಿತು. ನಾನೂ ಒಂದರ ತುದಿ ಹಿಡಿದೆ. ಕಿರಿದಾದ ಮೆಟ್ಟಿಲಲ್ಲಿ ನಗುತ್ತ, ಬೈದುಕೊಳ್ಳುತ್ತ ಇಳಿಯುತ್ತಿದ್ದರೆ, ಪ್ರತಿ ಕುಲುಕಿಗೂ ಟೈಪ್‌ರೈಟರಿನ ಪುಟ್ಟ ಗಂಟೆ ಟಿಣ್ ಎನ್ನುತ್ತಿತ್ತು.