ಚಿಕ್ಕಪ್ಪನ ಹೆಸರಿಗೆ ನಿಂತ ಲ್ಯಾಪ್‌ಟಾಪ್

ನನ್ನದು ಹುಟ್ಟಾ ಅವಸರದ ಬುದ್ಧಿ. ಹಾಲು ಉಕ್ಕುವವರೆಗೂ ಕಾಯಲಾರೆ, ಬಸ್ಸು ನಿಲ್ಲುವವರೆಗೂ ಸೀಟಲ್ಲಿ ಕೂತಿರಲಾರೆ. ಅಂಥವಳ ಕೈಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಲ್ಯಾಪ್‌ಟಾಪ್ ಸಿಕ್ಕಿತ್ತು. ಅದೂ ಯಾರೋ ಬಳಸಿ ಬಿಟ್ಟದ್ದು. ಒಂದು ಅಕ್ಷರ ಒತ್ತಿದರೆ ಮೂಡಿಸಲೋ ಬೇಡವೋ ಅಂತ ಯೋಚಿಸುತ್ತಿತ್ತು.

ಚಾಮರಾಜನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಕೆಲಸವೇ ಹೆಚ್ಚು. ನಮ್ಮ ಕಡೆ ಗಂಡು ಹೆಣ್ಣಿನ ಹೆಸರು, ಮುಹೂರ್ತ ಬರೆದ ಮಾತ್ರಕ್ಕೆ ಪತ್ರಿಕೆ ಮುಗಿಯುವುದಿಲ್ಲ. ಕೆಳಗೆ ‘ಸುಖಾಗಮನ ಬಯಸುವವರು’ ಅಂತ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಭಾವಂದಿರು ಸಾಲಾಗಿ ಬರಬೇಕು. ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ಚಪ್ಪರದೊಳಗೆ ಕಾಲಿಡುವುದಿಲ್ಲ. ಅದಕ್ಕೇ ನಾನು ಲ್ಯಾಪ್‌ಟಾಪ್ ಹೊತ್ತು ಮದುವೆ ಮನೆಗೇ ಹೋಗುತ್ತಿದ್ದೆ. ಹಿರಿಯರು ಸುತ್ತ ಕೂತು ಹೆಸರು ಹೇಳಬೇಕು, ನಾನು ಅಲ್ಲೇ ಬರೆದು ತೋರಿಸಬೇಕು. ಜಗಳ ಏನಿದ್ದರೂ ಅಚ್ಚಿಗೆ ಹೋಗುವ ಮುಂಚೆಯೇ ಮುಗಿಯಲಿ ಅಂತ. ಕರೆಂಟು ಹೋದರೂ ಬ್ಯಾಟರಿಯಲ್ಲಿ ಸ್ವಲ್ಪ ಹೊತ್ತು ನಡೆಯುತ್ತಿತ್ತು.

ಅದರ ನಿಧಾನ ತಡೆಯಲಾರದೆ ಒಂದು ದಿನ ಮೈಸೂರಿಗೆ ಹೋದೆ. ಹಳೇ ಕಂಪ್ಯೂಟರ್ ಮಾರುವ ಅಂಗಡಿಯವರು ಎರಡು ದಾರಿ ಹೇಳಿದರು. ಇದಕ್ಕೇ ರ‍್ಯಾಮ್ ಜಾಸ್ತಿ ಹಾಕಿಸಬಹುದು. ಇಲ್ಲವೇ ಇದನ್ನು ಕೊಟ್ಟು, ಅಷ್ಟೇ ದುಡ್ಡು ಸೇರಿಸಿ, ವೇಗದ ಪ್ರೊಸೆಸರ್ ಇರುವ ಇನ್ನೊಂದನ್ನು ಒಯ್ಯಬಹುದು. ಆದರೆ ಅದರಲ್ಲಿ ರ‍್ಯಾಮ್ ಇನ್ನೂ ಕಡಿಮೆ.

“ನೋಡಮ್ಮ, ಸ್ಪೀಡ್ ಅಂದ್ರೆ ಓಡೋ ಕಾಲು. ರ‍್ಯಾಮ್ ಅಂದ್ರೆ ಮನೆ ಜಗಲಿ. ಜಗಲಿ ಚಿಕ್ಕದಾದ್ರೆ ಓಡಿಬಂದೋರು ಎಲ್ಲಿ ಕೂರ್ತಾರೆ?” ಅಂದರು.

ನಾನು ಕೇಳಿಸಿಕೊಂಡರೆ ತಾನೇ! ಕೀಲಿ ಒತ್ತಿದ ತಕ್ಷಣ ಅಕ್ಷರ ಪಟಪಟ ಮೂಡಿದ್ದು ನೋಡಿಯೇ ಮರುಳಾಗಿದ್ದೆ. ವೇಗದ್ದನ್ನೇ ಬಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಅದರ ಮೊದಲ ಕೆಲಸ ಗುಂಡ್ಲುಪೇಟೆಯಲ್ಲಿ, ಅರಿಶಿನ ಬೆಳೆಯುವವರ ಒಂದು ಮನೆಯಲ್ಲಿ. ಬಾಗಿಲಲ್ಲೇ ಮದುವೆ ಹುಡುಗಿ ನನ್ನ ಕೈ ಹಿಡಿದುಕೊಂಡಳು. “ಅಕ್ಕಾ, ಪತ್ರಿಕೇಲಿ ನಮ್ ಚಿಕ್ಕಪ್ಪನ ಎಸರು ಇರ್ಬೇಕು. ಹೊಲಕ್ಕೆ ನೀರು ಬುಡೋ ಜಗಳದಲ್ಲಿ ಅಪ್ಪನೂ ಅವ್ರೂ ಮಾತು ಬುಟ್ಟು ಮೂರೊರ್ಸ ಆಯ್ತು. ಸೈಕಲ್ ಮೇಲೆ ನನ್ನ ಕೂರುಸ್ಕಂಡು ಇಸ್ಕೂಲ್ಗೆ ಬುಡ್ತಿದ್ದೋರು ಅವ್ರೇ. ಅವರಿಲ್ದೆ ನಾನು ಹಸೆಮಣೆ ಮೇಲೆ ಎಂಗೆ ಕೂರ್ಲಿ? ಅಪ್ಪನ್ನ ಅತ್ತೂ ಕರೆದೂ ಒಪ್ಸಿವ್ನಿ,” ಅಂದಳು. ಹೇಳುವಾಗಲೇ ಕಣ್ಣು ತುಂಬಿತ್ತು. ಅದೇನು ಮಹಾ, ಬರೆದರಾಯಿತು ಅಂದುಕೊಂಡೆ.

ಪಡಸಾಲೆಯಲ್ಲಿ ಚಾಪೆ ಹಾಸಿದರು. ಹುಡುಗಿಯ ಅಪ್ಪ ಹೆಸರು ಹೇಳತೊಡಗಿದರು. ಪತ್ರಿಕೆಯ ನೆತ್ತಿಯಲ್ಲಿ ಗಣಪತಿಯ ಚಿತ್ರ, ಸುತ್ತ ಬಳ್ಳಿಯ ಅಂಚು, ಕೆಳಗೆ ನನ್ನ ಹೊಸ ಯಂತ್ರದ ಓಟ. ಆಹಾ, ಏನು ಓಟ! ಸೋದರಮಾವನ ಹೆಸರಾಯಿತು, ಭಾವಂದಿರದ್ದಾಯಿತು. ಅಪ್ಪ ಸ್ವಲ್ಪ ತಡೆದು, ಗೋಡೆಯ ಕಡೆ ನೋಡುತ್ತಾ ತಮ್ಮನ ಹೆಸರು ಹೇಳಿದರು. ಎರಡಕ್ಷರ ಒತ್ತಿದೆ ನೋಡಿ, ಪರದೆ ಗರ ಬಡಿದ ಹಾಗೆ ನಿಂತುಬಿಟ್ಟಿತು.

ಆರಿಸಿ, ಹೊತ್ತಿಸಿ, ಮೊದಲಿಂದ ಬರೆದೆ. ಮತ್ತೆ ಅದೇ ಹೆಸರಿಗೆ ನಿಂತಿತು.

ಪಕ್ಕದಲ್ಲೇ ಕೂತಿದ್ದ ಹುಡುಗಿಯ ಸೋದರಮಾವ ತೊಡೆ ತಟ್ಟಿಕೊಂಡರು. “ನೋಡುದ್ರಾ? ಗಣಪ್ತಿಗೇ ಇಷ್ಟ ಇಲ್ಲ! ಒಂದ್ಸಲ ಅಲ್ಲ, ಎಲ್ಡು ಸಲ ತಡುದವ್ನೆ. ಅವನ ಎಸರು ಬುಟ್ಬುಡಿ ಭಾವ, ಮದ್ವೆಗೆ ಒಳ್ಳೇದಲ್ಲ.”

ಅಪ್ಪನ ಮುಖ ಸಣ್ಣದಾಯಿತು. ಹುಡುಗಿ ಕಂಬ ಹಿಡಿದು ನಿಂತಿದ್ದಳು. ಮೈಸೂರಿನವರ ಜಗಲಿ ಮಾತು ಆಗ ನನ್ನ ತಲೆಗೆ ಹೋಯಿತು. ಚಿತ್ರ, ಅಂಚು, ಅಷ್ಟೊಂದು ಹೆಸರು, ಎಲ್ಲ ಸೇರಿ ಜಗಲಿ ತುಂಬಿಹೋಗಿದೆ. ಕೊನೆಗೆ ಬಂದವರಿಗೆ ಜಾಗವಿಲ್ಲ. ನನ್ನ ಯಂತ್ರ ದಂಡ ಅಂತ ಒಪ್ಪಿಕೊಂಡರೆ ಗುಂಡ್ಲುಪೇಟೆಯಲ್ಲಿ ಇನ್ನು ಯಾರೂ ಕರೆಯುವುದಿಲ್ಲ ಅನ್ನುವ ಹೆದರಿಕೆಗೆ ಒಂದು ಗಳಿಗೆ ಸುಮ್ಮನಿದ್ದೆ. ಆ ಗಳಿಗೆಗೆ ಈಗಲೂ ನಾಚಿಕೆಯಾಗುತ್ತದೆ. ಹುಡುಗಿಯ ಮುಖ ನೋಡಿದ ಮೇಲೆ ತಡೆಯಲಾಗಲಿಲ್ಲ.

“ತಪ್ಪು ಗಣಪತಿದಲ್ಲ, ನಂದು! ಅವಸರಕ್ಕೆ ಬಿದ್ದು ಜಾಗ ಕಡಿಮೆ ಇರೋ ಮಿಷನ್ ತಂದಿದ್ದೀನಿ. ಅವರ ಹೆಸರು ಬಂದಿದ್ದು, ಅದು ನಿಂತಿದ್ದು, ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ!” ಅಂದೆ.

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ,” ಅಂದರು ಮಾವ.

ನನಗೆ ರೇಗಿಹೋಯಿತು. “ಹಾಗಾದ್ರೆ ನೋಡೇಬಿಡೋಣ. ಚಿಕ್ಕಪ್ಪನ ಹೆಸರು ಎಲ್ಲರಿಗಿಂತ ಮೇಲೆ ಹಾಕ್ತೀನಿ, ನಿಮ್ಮದು ಕೊನೇಲಿ,” ಅಂದವಳೇ ಮೂರನೇ ಸಲ ಶುರುಮಾಡಿದೆ.

ಈಗ ಎಲ್ಲರೂ ನನ್ನ ಬೆನ್ನ ಹಿಂದೆ. ಚಿಕ್ಕಪ್ಪನ ಹೆಸರು ಸಲೀಸಾಗಿ ಮೂಡಿತು. ಭಾವಂದಿರು ಬಂದು ಕೂತರು. ಮಾವನ ಹೆಸರಿನ ಎರಡಕ್ಷರ ಒತ್ತಿದೆ. ನನ್ನಪ್ಪನಾಣೆ, ನಿಂತುಬಿಟ್ಟಿತು!

ಮೊದಲು ನಕ್ಕವರು ಹುಡುಗಿಯ ಅಪ್ಪ. ಚಾಪೆಯ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು, “ಏನ್ಲಾ, ಈಗೇನಂದ ನಿನ್ ಗಣಪ್ತಿ?” ಅಂದರು. ಮಾವ ಒಂದು ಕ್ಷಣ ಬಿಗಿದುಕೊಂಡಿದ್ದು, ಆಮೇಲೆ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಅಡುಗೆಮನೆಯಿಂದ ಹೆಂಗಸರೂ ಓಡಿಬಂದರು.

ಕೊನೆಗೆ ಗಣಪತಿಯನ್ನೂ ಅಂಚನ್ನೂ ತೆಗೆದು ಹೆಸರುಗಳನ್ನಷ್ಟೇ ಬರೆದೆ. ಚಿತ್ರವನ್ನು ಅಚ್ಚಿನವರೇ ಹಾಕಿಕೊಳ್ಳಲಿ ಅಂತ. “ಚಿಕ್ಕಪ್ಪನ ಹೆಸರು ಮುಂಚಿನ ಹಾಗೆ ಕೊನೇಲೇ ಹಾಕ್ಲಾ?” ಅಂತ ಕೇಳಿದೆ.

ಅಪ್ಪ ಟವಲಿನಲ್ಲಿ ಕಣ್ಣೊರೆಸಿಕೊಂಡರು. “ಬ್ಯಾಡ ಬುಡವ್ವ. ಮೇಲೇ ಇರ್ಲಿ. ಮಿಷನ್ ಎಲ್ಡು ಸಲ ನಿಂತ್ರೂ ನೀನು ಅವನ ಎಸರ ಮೂರ್ನೇ ಸಲ ಬರೀತಿದ್ರೆ ನಾನು ಬ್ಯಾಡ ಅಂದ್ನಾ?”

ಮುಂದಿನ ವಾರವೇ ಮೈಸೂರಿಗೆ ಹೋಗಿ ರ‍್ಯಾಮ್ ಹಾಕಿಸಿದೆ. ಅಂಗಡಿಯವರು ಮೀಸೆಯಲ್ಲೇ ನಕ್ಕರು.

ಮದುವೆಗೆ ನನ್ನನ್ನೂ ಕರೆದಿದ್ದರು. ಊಟದ ಪಂಕ್ತಿಯಲ್ಲಿ ಯಾರೋ ಕೇಳದೆಯೇ ಎರಡನೇ ಒಬ್ಬಟ್ಟು ಹಾಕಿದರು. ತಲೆ ಎತ್ತಿದರೆ, ಅಂಗಿಯ ಜೇಬಿನಲ್ಲಿ ಮಡಿಸಿದ ಲಗ್ನಪತ್ರಿಕೆ ಇಟ್ಟುಕೊಂಡ ಚಿಕ್ಕಪ್ಪ.

“ನೀನೇನವ್ವ ಇದ ಬರುದೋಳು? ಎಲ್ಲಾರ್ಗಿಂತ ಮೇಲೆ ನನ್ ಎಸರು ನೋಡಿ, ಇನ್ಯಾರ್ದೋ ಇರ್ಬೇಕು ಅನ್ಕಂಡೆ. ಆಮೇಲೆ ಅದ್ರ ಪಕ್ಕ ನಮ್ಮಪ್ಪನ ಎಸರೂ ಓದ್ದೆ. ನಾನೇ ಕಣವ್ವ,” ಅಂದು ಒಬ್ಬಟ್ಟಿನ ತಟ್ಟೆ ಹಿಡಿದು ಮುಂದಿನ ಎಲೆಗೆ ಹೋದರು.