ಕಲ್ಲಿನ ಕೆಳಗಿನ ತಂತಿ

ಆ ತಂತಿಯನ್ನು ಬಿಚ್ಚಿಸಿದವಳು ನಾನು. ಹನುಮಂತ ಅಲ್ಲ. ಆರು ವರ್ಷ ಮಾನ್ವಿಯ ಜನ ಅವನ ಹೆಸರನ್ನೇ ಹೇಳುತ್ತ ಬಂದರು. ನಾನು ಕೇಳಿಸಿಕೊಳ್ಳುತ್ತ ಬಂದೆ.

ನಾನು ಪ್ರೌಢಶಾಲೆಯ ಶಿಕ್ಷಕಿ. ಮಗಳ ನಿಶ್ಚಿತಾರ್ಥ ಗೊತ್ತಾದಾಗ ನಮ್ಮ ಮನೆಯ ಹಳೆಯ ವೈರಿಂಗ್ ಪೂರ್ತಿ ಬದಲಿಸಲು ಹೊರಟೆ. ಕೆಲಸಕ್ಕೆ ಬಂದವನು ಕುರ್ಡಿಯ ಹನುಮಂತ, ನನ್ನ ಕೈಯಲ್ಲೇ ಕಲಿತವನು. ಮೊದಲ ದಿನವೇ ಹೇಳಿದ: "ಟೀಚರ್, ಪೂರ್ತಿ ಮನಿ ವೈರಿಂಗ್ ಬದಲಿ ಮಾಡಬೇಕಂದ್ರ ಲೈಸೆನ್ಸ್ ಇದ್ದೋರ ಕಡಿಂದ ಅರ್ಜಿ ಹಾಕಬೇಕ್ರಿ. ಕೆಲಸ ಮುಗಿದ ಮ್ಯಾಲೆ ಅವರು ಬಂದು ಟೆಸ್ಟ್ ಮಾಡಿ ಸಹಿ ಹಾಕಬೇಕು. ಅಲ್ಲೀತನಕ ಲೈನ್ ಚಾಲೂ ಮಾಡಬ್ಯಾಡ್ರಿ."

ರಾಯಚೂರಿನ ಒಬ್ಬ ಗುತ್ತಿಗೆದಾರರ ಮೂಲಕ ಅರ್ಜಿ ಹಾಕಿಸಿದೆ. ಗುರುವಾರ ಹನುಮಂತ ಅಂಗಳದಲ್ಲಿ ಗುಂಡಿ ತೋಡಿ ಪೈಪು ಹೂತು, ಅರ್ಥಿಂಗ್ ತಂತಿಯನ್ನು ಅದಕ್ಕೆ ಬಿಗಿದು, ಇನ್ನೊಂದು ಕೆಲಸಕ್ಕೆಂದು ದೇವದುರ್ಗಕ್ಕೆ ಹೋದ. ಎಲ್ಲಾದರೂ ಕರೆಂಟು ಸೋರಿದರೆ ಮನುಷ್ಯರನ್ನು ಹಿಡಿಯದೆ ನೆಲಕ್ಕಿಳಿಯಲೆಂದು ಇರುವ ತಂತಿ ಅದು. ಮರುದಿನ ಅಂಗಳಕ್ಕೆ ಕಲ್ಲು ಹಾಸಲು ಬಂದ ಗೌಂಡಿ, ಪೈಪು ಅಡ್ಡ ಬರುತ್ತದೆ ಎಂದ.

"ತಂತಿ ಬಿಚ್ಚಿ, ಪೈಪ್ ಕೆಳಗ ಬಡದು ಕಲ್ಲು ಹಾಕಪ್ಪ. ಆಮ್ಯಾಲೆ ನೋಡಿದ್ರಾತು" ಎಂದೆ.

ಗುತ್ತಿಗೆದಾರರು ಟೆಸ್ಟ್ ಮಾಡಲು ಬರುವುದು ಸೋಮವಾರ, ನಿಶ್ಚಿತಾರ್ಥ ಭಾನುವಾರ. ಶನಿವಾರ ನಾನೇ ರಾಯಚೂರಿಗೆ ಹೋಗಿ, ಎಲ್ಲ ಸರಿಯಾಗಿದೆ ಎಂದು ನಂಬಿಸಿ, ಅವರ ಅಂಗಡಿಯಲ್ಲೇ ಮುಕ್ತಾಯದ ವರದಿಗೆ ಸಹಿ ಹಾಕಿಸಿಕೊಂಡೆ. ಅದರ ಕೆಳಗೆ ಮನೆಯೊಡತಿಯೆಂದು ನನ್ನ ಸಹಿ. ಅಂದು ಸಂಜೆಯೇ ಲೈನ್ ಚಾಲೂ ಮಾಡಿಸಿದೆ. ಹನುಮಂತನಿಗೆ ತಂತಿಯ ವಿಷಯ ಹೇಳಬೇಕು, ಹೇಳಿದರಾಯಿತು ಅಂದುಕೊಳ್ಳುತ್ತಲೇ—ಹೇಳಲಿಲ್ಲ.

ಎರಡು ತಿಂಗಳಾಗಿತ್ತು. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ರೆಹಾನಾ, ಹೊಲಿಗೆಯಿಂದ ಬದುಕುವವಳು, ಇಸ್ತ್ರಿ ಪೆಟ್ಟಿಗೆ ಹಿಡಿದವಳು ಕರೆಂಟು ಹೊಡೆದು ಬಿಡಿಸಿಕೊಳ್ಳಲಾರದೆ ಕಿರುಚಿದಳು. ಜೀವ ಉಳಿಯಿತು. ಬಲಗೈಯ ಬೆರಳುಗಳು ಮತ್ತೆ ಕತ್ತರಿ ಹಿಡಿಯಲಿಲ್ಲ.

ವಿದ್ಯುತ್ ಕಚೇರಿಯವರು ಬಂದು ಕಲ್ಲು ಎಬ್ಬಿಸಿದರು. ಪೈಪು ಇತ್ತು, ತಂತಿ ಅದಕ್ಕೆ ಸೇರಿರಲಿಲ್ಲ. ಬಿಗಿ ಸಾಲದೆ ಟೆಸ್ಟ್ ಆದ ಮೇಲೆ ಕಳಚಿದೆ ಎಂದರು ಗುತ್ತಿಗೆದಾರರು. ಹನುಮಂತ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದ.

"ಬಿಗಿ ಮಾಡಿದ್ದೆ ಅನಸ್ತದ... ಅವತ್ತು ದೇವದುರ್ಗಕ್ಕ ಹೋಗೋ ಅವಸರ ಇತ್ತು. ನಾನೇ ಮರ್ತಿರಬೇಕೇನ್ರಿ, ಟೀಚರ್?"

ಎಲ್ಲರೂ ನನ್ನತ್ತ ನೋಡಿದರು. ನಾನು ಆಡಿದ್ದು ಒಂದೇ ಮಾತು: "ಇರಬಹುದು."

ಆ ಮಾತಿನೊಳಗೆ ಸಿಕ್ಕಿಬಿದ್ದೆ. ನಿಜ ಹೇಳಿದರೆ ಸುಳ್ಳು ವರದಿ ಹೊರಬರುತ್ತದೆ, ಗುತ್ತಿಗೆದಾರರ ಲೈಸೆನ್ಸು, ನನ್ನ ನೌಕರಿ, ಮಗಳ ಮದುವೆ—ಮದುವೆ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ದಿನ ಹೋದಷ್ಟೂ ಬಾಯಿ ಬಿಗಿಯಿತು. ರೆಹಾನಾಳಿಂದ ಬಾಡಿಗೆ ತೆಗೆದುಕೊಳ್ಳುವುದನ್ನು ಬಿಟ್ಟೆ. ನಮ್ಮ ಟೀಚರದು ದೊಡ್ಡ ಮನಸ್ಸು ಎಂದು ಅವಳು ಊರಿಗೆಲ್ಲ ಹೇಳಿದಳು. ಅದನ್ನೂ ಕೇಳಿಸಿಕೊಂಡೆ. ಹನುಮಂತ ಮತ್ತೆ ವೈರು ಮುಟ್ಟಲಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಲಾರಿಗಳಿಗೆ ಬೂದಿ ತುಂಬುವ ಕೆಲಸ ಹಿಡಿದ. ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ "ನಮಸ್ಕಾರ್ರಿ ಟೀಚರ್" ಎನ್ನುತ್ತಿದ್ದ, ತಲೆ ತಗ್ಗಿಸಿ.

ಕಳೆದ ವಾರ ಅವನು ರೆಹಾನಾಳ ಬಾಗಿಲಿಗೆ ಬಂದ. ನಾನು ಅಡುಗೆಮನೆಯಲ್ಲಿದ್ದೆ, ಮಾತು ಕಿಟಕಿಯಿಂದ ಕೇಳಿತು.

"ಅಕ್ಕಾ, ನನ್ನ ಅವಸರಕ್ಕ ನಿಮ್ಮ ಕೈ ಹೋತು. ಇಷ್ಟು ವರ್ಷ ಬರಾಕ ಧೈರ್ಯ ಆಗಲಿಲ್ಲ. ತಪ್ಪಾತ್ರಿ."

ಒಲೆ ಆರಿಸಿ ಹೊರಗೆ ಹೋದೆ. ಅವರಿಬ್ಬರ ಎದುರು ನಿಂತು ಎಲ್ಲ ಹೇಳಿದೆ—ಗೌಂಡಿ, ಕಲ್ಲು, ಟೆಸ್ಟಿಲ್ಲದೆ ಹಾಕಿಸಿದ ಸಹಿ.

ಹನುಮಂತ ಒಂದೇ ಪ್ರಶ್ನೆ ಕೇಳಿದ: "ಹಂಗಾದ್ರ ನಾ ಬಿಗಿ ಮಾಡಿದ್ದೆನೇನ್ರಿ?"

"ಮಾಡಿದ್ದೆಪ್ಪ."

ಅವನು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

ರೆಹಾನಾ ನನ್ನನ್ನೇ ನೋಡುತ್ತಿದ್ದಳು. "ಟೀಚರ್, ದವಾಖಾನ್ಯಾಗ ಮೂರು ದಿನ ನನ್ನ ತಲಿ ಸವರಕೋತ ಕುಂತಿದ್ರಿ ನೀವು" ಎಂದಳು. ಹೌದು ಎಂದೆ.

ನಾಳೆ ವಿದ್ಯುತ್ ಕಚೇರಿಗೆ ಇದನ್ನೆಲ್ಲ ಬರೆದು ಕೊಡುತ್ತೇನೆ. ಮುಂದೆ ನನಗೆ ಏನಾಗಬೇಕೋ ಅದು ಆಗಲಿ. ಅವಳ ಕೈ ಮಾತ್ರ ಹಾಗೇ ಇರುತ್ತದೆ.