ಉಪ್ಪಿನಲ್ಲಿ ಬಂದ ಚಿಪ್ಪು

ಆಗ ನನಗೆ ಎಂಟು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಹಸಿ ಕಲ್ಲುಪ್ಪಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಬಳಗಾನೂರಿನ ನಮ್ಮ ಅಡುಗೆಮನೆ ಕಣ್ಣೆದುರು ನಿಲ್ಲುತ್ತದೆ: ಹೊಗೆ ಹಿಡಿದ ಜಂತಿ, ರೊಟ್ಟಿ ಬಡಿಯುವ ಅವ್ವ, ಮೂಲೆಯಲ್ಲಿ ಬೆವರುತ್ತ ಕೂತ ಉಪ್ಪಿನ ಗಡಿಗೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಅಪ್ಪ ಮಸ್ಕಿ ಸಂತೆಯಿಂದ ತಂದ ಉಪ್ಪನ್ನು ಅದಕ್ಕೆ ಸುರಿಯುವಾಗ ಒಂದು ಚಿಪ್ಪು ಬಿತ್ತು. ಹೆಬ್ಬೆರಳಿನ ಉಗುರಿನಷ್ಟು, ಬೋರಲು ಹಾಕಿದ ಬಟ್ಟಲಿನಂತೆ, ಮೈತುಂಬ ಗೆರೆ, ನೆತ್ತಿಯಲ್ಲಿ ಬೀಗದ ಕಿಂಡಿಯಂಥ ತೂತು. "ಸಮುದ್ರದ ಬಸವನಹುಳದ್ದಿರಬೇಕು. ಈ ತೂತಿನಾಗ ಉಸಿರಾಡತೈತೇನೋ," ಎಂದ ಅಪ್ಪ.

ಬೇಸಿಗೆಯಲ್ಲಿ ನಮ್ಮ ಗದ್ದೆಯ ಬಸವನಹುಳುಗಳು ಸತ್ತಂತೆ ಬಿದ್ದಿರುತ್ತಿದ್ದವು. ಕಾಲುವೆ ನೀರು ಬಂದರೆ ಎದ್ದು ನಡೆಯುತ್ತಿದ್ದವು. ಹಾಗಾದರೆ ಇದೂ ಏಳಬೇಕು, ಇದಕ್ಕೆ ಉಪ್ಪುನೀರು ಬೇಕು, ಅಷ್ಟೇ. ಅಪ್ಪ ಅವ್ವ ಹೊಲಕ್ಕೆ ಹೋದ ಮೇಲೆ ಉಪ್ಪಿನ ಗಡಿಗೆಗೇ ಕೊಡ ನೀರು ಸುರಿದು ಚಿಪ್ಪನ್ನು ಒಳಗೆ ಬಿಟ್ಟೆ. ಅಪ್ಪನ ತಾಯಿ, ನಮ್ಮ ಆಯಿ, ಬೈಯಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

"ಎದ್ದೈತೇನ ಬೇ?"

"ಇನ್ನೂ ಇಲ್ಲ ಆಯಿ."

"ದೂರದಿಂದ ಬಂದೈತಿ, ಮಲಗ್ಲಿ ಬಿಡು."

ಅವ್ವ ತಿರುಗಿ ಬರುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಮನೆಯ ಉಪ್ಪೆಲ್ಲ ನೀರಾಗಿತ್ತು, ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಯಾರಿಗೂ ಉಪ್ಪು ಕೊಡುವುದಿಲ್ಲ. ಆಯಿ ಸುಮ್ಮನೆ ಗಡಿಗೆಯಿಂದ ಒಂದು ಸೌಟು ನೀರು ತೆಗೆದು ಬೇಳೆಗೆ ಹಾಕಿಬಿಟ್ಟಳು. ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡ. "ಇವತ್ತು ಬ್ಯಾಳಿ ಭಾರಿ ಆಗೈತಿ!" ಎಂದ. ನನ್ನ ಬಾಯಿ ನಿಲ್ಲಲಿಲ್ಲ. "ನನ್ನ ಹುಳದ ನೀರು ಅದು!" ಎಂದೆ.

ಅವ್ವ ತಟ್ಟೆ ದೂಡಿದಳು. "ಲಿಂಗ ಕಟ್ಟಿದ ಮನಿಯಾಗ ಹುಳದ ನೀರು ಉಣಿಸಿದ್ರಲ್ರೀ ಅತ್ತಿ!"

"ಹುಳ ಎಲ್ಲೈತಿ? ಇದ್ದಿದ್ರ ಅದೂ ನಮ್ಮ ಪಂಕ್ತ್ಯಾಗ ಕುಂದರತಿತ್ತು," ಎಂದಳು ಆಯಿ.

ಅಪ್ಪನಿಗೆ ನಗುತ್ತಲೇ ನೆತ್ತಿಗೇರಿತು. ಅವ್ವ ಸಿಟ್ಟಿನಲ್ಲಿ ಗಡಿಗೆ ಎತ್ತಿ ಅಂಗಳಕ್ಕೆ ಚೆಲ್ಲಿ, ಬಾಗಿಲಲ್ಲೇ ಕೂತು ತಾನೂ ನಕ್ಕಳು. ಅಳುತ್ತಿದ್ದವಳು ನಾನೊಬ್ಬಳೇ. ಆಯಿ ಕೆಸರಿನಲ್ಲಿ ತಡಕಾಡಿ ಚಿಪ್ಪನ್ನು ಹುಡುಕಿ ನನ್ನ ಅಂಗೈಗಿಟ್ಟಳು.

ಆ ಮೂವರೂ ಹೋದರು. ಮನೆ ಕೆಡವಿ ಮಳಿಗೆ ಕಟ್ಟಿದ್ದಾರೆ. ಉಪ್ಪು ಈಗ ಪಾಕೀಟಿನಲ್ಲಿ ಬರುತ್ತದೆ, ಹಿಟ್ಟಿನಂತೆ ನುಣ್ಣಗೆ. ಅದರಲ್ಲಿ ಏನೂ ಸಿಗುವುದಿಲ್ಲ. ಹಾಗೆ ನಕ್ಕ ಮನೆಯನ್ನು ನಾನು ಮತ್ತೆ ಕಂಡಿಲ್ಲ.

ಅಂದು ಗಡಿಗೆ ಚೆಲ್ಲಿದ ಮರುದಿನ ಬೆಳಗಾಗುತ್ತಲೇ ಅವ್ವ, ಪಕ್ಕದ ಮನೆಯಿಂದ ಒಂದು ಬಟ್ಟಲು ಉಪ್ಪು ಕೇಳಿಕೊಂಡು ಬಾ ಎಂದು ಕಳಿಸಿದಳು. ಚಿಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಾನು ಎರಡು ಬಟ್ಟಲು ಕೇಳಿದೆ.